‘ಲಭ್ಯತೆಗೆ ಒಳಪಟ್ಟು’: ಹಿರಿಯರ ವಸತಿಗೆ ಸಹಿ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ ವಂದನೆಗಳು.

ನಿವೃತ್ತರಿಗೆಂದು ಕಟ್ಟುವ ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ‘ಜೀವನಪೂರ್ತಿ ಆರೈಕೆ’ ಎಂಬ ಮಾತು ಈಗ ಸಾಮಾನ್ಯವಾಗಿದೆ. ಓಡಾಡಿಕೊಂಡಿರುವಷ್ಟು ದಿನ ಸ್ವತಂತ್ರವಾದ ಫ್ಲ್ಯಾಟು, ಸ್ನಾನಕ್ಕೋ ಬಟ್ಟೆ ಉಡುವುದಕ್ಕೋ ಇನ್ನೊಬ್ಬರ ಕೈ ಬೇಕಾದಾಗ ಸಹಾಯಕರಿರುವ ವಿಭಾಗ, ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಶುಶ್ರೂಷಾ ವಿಭಾಗ, ಇವೆಲ್ಲ ಒಂದೇ ಆವರಣದಲ್ಲಿ ಸಿಗುತ್ತವೆ ಎಂಬ ಭರವಸೆ ಅದು. ಕಲ್ಪನೆ ಬಹಳ ಒಳ್ಳೆಯದು. ಎಂಬತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದ ವಾರವೇ ಹೊಸ ಜಾಗ ಹುಡುಕಿ ಅಲೆಯುವ ಪಾಡು ಯಾರಿಗೂ ಬೇಡ. ಆದರೆ ಹಿರಿಯರ ಆರೈಕೆಯಲ್ಲಿ ಕೆಲಸ ಮಾಡುತ್ತಾ, ಇಂಥ ಒಪ್ಪಂದಗಳನ್ನು ಓದಿ ಸಲಹೆ ಕೊಡುತ್ತಾ ಬಂದಿರುವ ನಮಗೆ ಒಂದು ಕಳವಳವಿದೆ. ಜನ ದೊಡ್ಡ ಮೊತ್ತ ಕಟ್ಟುವುದು ಕೊನೆಯ ಹಂತದ ಆರೈಕೆಗೆ. ಹೋಗಿ ನೋಡಿ ಮೆಚ್ಚಿ ಬರುವುದು ಮಾತ್ರ ಮೊದಲ ಹಂತದ ಫ್ಲ್ಯಾಟು, ಹೂದೋಟ, ಊಟದ ಹಾಲು. ಶುಶ್ರೂಷಾ ವಿಭಾಗದ ಬಾಗಿಲು ತೆಗೆಸಿ ನೋಡುವವರು ಬಹಳ ಕಡಿಮೆ.

ಒಪ್ಪಂದದ ಕರಡು ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು ಎರಡು ಪದ: ‘ಲಭ್ಯತೆಗೆ ಒಳಪಟ್ಟು’. ಅಗತ್ಯ ಬಿದ್ದಾಗ ಶುಶ್ರೂಷಾ ವಿಭಾಗದಲ್ಲಿ ಹಾಸಿಗೆ ಕೊಡುತ್ತೇವೆ, ಆದರೆ ಖಾಲಿ ಇದ್ದರೆ ಮಾತ್ರ ಎಂದು ಇದರ ಅರ್ಥ. 200 ಫ್ಲ್ಯಾಟುಗಳಿರುವ ಕಡೆ 12 ಹಾಸಿಗೆಯ ವಿಭಾಗವಿದೆ ಎಂದುಕೊಳ್ಳಿ. ಫ್ಲ್ಯಾಟುಗಳೆಲ್ಲ ಒಂದೆರಡು ವರ್ಷದಲ್ಲಿ ಮಾರಾಟವಾಗಿರುತ್ತವೆ, ಸೇರಿದವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೊದಲ ಹತ್ತು ವರ್ಷ ಆ ವಿಭಾಗ ಅರ್ಧ ಖಾಲಿ ಇರುತ್ತದೆ, ಖರ್ಚು ಹೊಂದಿಸಲು ಹೊರಗಿನ ರೋಗಿಗಳನ್ನು ತುಂಬಿಕೊಳ್ಳುತ್ತಾರೆ. ಆಮೇಲೆ ಎಲ್ಲರಿಗೂ ಒಟ್ಟಿಗೇ ವಯಸ್ಸಾಗುತ್ತದೆ. ಹಾಸಿಗೆ ಬೇಕಾಗುವುದೂ ಒಟ್ಟಿಗೇ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು. ಒಟ್ಟು ಹಾಸಿಗೆ ಎಷ್ಟು? ಇವತ್ತು ಭರ್ತಿಯಾಗಿರುವುದು ಎಷ್ಟು? ಅದರಲ್ಲಿ ಹೊರಗಿನಿಂದ ನೇರವಾಗಿ ಬಂದವರು ಎಷ್ಟು ಮಂದಿ? ಕಳೆದ ಎರಡು ವರ್ಷಗಳಲ್ಲಿ ಒಳಗಿನ ನಿವಾಸಿಯೊಬ್ಬರು ಹಾಸಿಗೆಗೆ ಅತಿ ಹೆಚ್ಚು ಎಷ್ಟು ದಿನ ಕಾದರು? ಹಾಸಿಗೆ ಇಲ್ಲದಿದ್ದರೆ ಏನು ಮಾಡುತ್ತಾರೆ ಎಂಬುದು ಎಲ್ಲಕ್ಕಿಂತ ಮುಖ್ಯ. ಸಮನಾದ ಬೇರೆ ಕೇಂದ್ರದಲ್ಲಿ ವ್ಯವಸ್ಥೆ ಮಾಡಿ ದರದ ವ್ಯತ್ಯಾಸವನ್ನು ಸಂಸ್ಥೆಯೇ ಭರಿಸುತ್ತದೆ ಎಂಬ ವಾಕ್ಯ ಒಪ್ಪಂದದಲ್ಲಿ ಇರಬೇಕು. ‘ನಾವು ಕೈ ಬಿಡುವುದಿಲ್ಲ, ಚಿಂತೆ ಮಾಡಬೇಡಿ’ ಎಂದು ಮಾರಾಟ ವಿಭಾಗದವರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಹಾಸಿಗೆ ಬೇಕಾಗುವ ಹೊತ್ತಿಗೆ ಅವರು ಆ ಕೆಲಸದಲ್ಲಿ ಇರುವುದೂ ಇಲ್ಲ.

ಒಂದು ಹಂತದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವ ತೀರ್ಮಾನ ಯಾರದು ಎಂಬುದನ್ನೂ ಓದಿ. ‘ಆಡಳಿತದ ನಿರ್ಧಾರವೇ ಅಂತಿಮ’ ಎಂದಿದ್ದರೆ ತಿದ್ದಿಸಬೇಕು. ನಿವಾಸಿ, ಅವರ ಸ್ವಂತ ವೈದ್ಯರು, ಮನೆಯವರೊಬ್ಬರು, ಸಂಸ್ಥೆಯ ನರ್ಸಿಂಗ್ ಮುಖ್ಯಸ್ಥರು ಒಟ್ಟಿಗೆ ಕೂತು, ಲಿಖಿತ ಮಾನದಂಡ ಇಟ್ಟುಕೊಂಡು ನಿರ್ಧರಿಸುವುದು ನ್ಯಾಯವಾದ ಕ್ರಮ. ಮಾನದಂಡಕ್ಕೇನೂ ಕೊರತೆಯಿಲ್ಲ. 1963ರಲ್ಲಿ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಆರು ದಿನನಿತ್ಯದ ಕೆಲಸಗಳ ಪಟ್ಟಿಯನ್ನು ಇವತ್ತಿಗೂ ಬಳಸುತ್ತಾರೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಸ್ನಾನಕ್ಕೆ ಮೊದಲು ಸಹಾಯ ಬೇಕಾಗುತ್ತದೆ, ಊಟ ಕೊನೆಯವರೆಗೂ ಉಳಿಯುತ್ತದೆ. ಇದಕ್ಕೂ ಮೊದಲೇ ಕೈಕೊಡುವ ಕೆಲಸಗಳಿವೆ: ಔಷಧ ಸರಿಯಾಗಿ ತೆಗೆದುಕೊಳ್ಳುವುದು, ಹಣದ ಲೆಕ್ಕ, ಅಡುಗೆ, ಫೋನು, ಓಡಾಟ. ಈ ಪಟ್ಟಿಯನ್ನು ಲಾಟನ್ ಮತ್ತು ಬ್ರಾಡಿ 1969ರಲ್ಲಿ ಮಾಡಿದರು. ನಿಮ್ಮಲ್ಲಿ ಎಷ್ಟು ಕೆಲಸಗಳಿಗೆ ಸಹಾಯ ಬೇಕಾದರೆ ಯಾವ ಹಂತ, ಪ್ರತಿ ಹಂತಕ್ಕೆ ಎಷ್ಟು ಶುಲ್ಕ ಎಂದು ಕೇಳಿ. ಬರಹದಲ್ಲಿ ಉತ್ತರ ಸಿಗದಿದ್ದರೆ ಅಳೆಯುವ ಕೋಲು ಅವರ ಬಳಿ ಇಲ್ಲ ಎಂದೇ ತಿಳಿಯಬೇಕು.

ಆಸ್ಪತ್ರೆಗೆ ಸೇರಿದಾಗ ಅಥವಾ ಕೆಲವು ವಾರ ಶುಶ್ರೂಷಾ ವಿಭಾಗದಲ್ಲಿದ್ದಾಗ ಫ್ಲ್ಯಾಟನ್ನು ಎಷ್ಟು ದಿನ ಕಾಯ್ದಿರಿಸುತ್ತಾರೆ? ಆ ದಿನಗಳಲ್ಲಿ ಎರಡೂ ಕಡೆಯ ಶುಲ್ಕ ಕಟ್ಟಬೇಕೇ? ದಂಪತಿಗಳಿಗೆ ಈ ಪ್ರಶ್ನೆ ಇನ್ನೂ ಬಿಗಿಯಾದದ್ದು. ಒಬ್ಬರು ಶುಶ್ರೂಷಾ ವಿಭಾಗಕ್ಕೆ ಹೋದರು, ಇನ್ನೊಬ್ಬರು ಫ್ಲ್ಯಾಟಿನಲ್ಲೇ ಉಳಿದರು ಎಂದರೆ ಅನೇಕ ಒಪ್ಪಂದಗಳ ಪ್ರಕಾರ ಅದು ಎರಡು ಮನೆಯ ಖರ್ಚು. ಅಂಥ ಪರಿಸ್ಥಿತಿ ಐದು ವರ್ಷ ಎಳೆದರೂ ನಿಮ್ಮ ಉಳಿತಾಯ ತಡೆಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ.

ಹೊರಗೆ ಕಳಿಸುವ ಷರತ್ತು ಇನ್ನೊಂದು. ‘ನಮ್ಮ ಆರೈಕೆಯ ಸಾಮರ್ಥ್ಯ ಮೀರಿದ ಸ್ಥಿತಿ’ ಎಂದರೆ ಏನು ಎಂದು ಹೆಸರಿಟ್ಟು ಕೇಳಿ: ಮೂಗಿನ ಕೊಳವೆಯಿಂದ ಆಹಾರ ಕೊಡುವುದು, ಮೂತ್ರದ ಕೊಳವೆ, ಆಮ್ಲಜನಕ, ಇನ್ಸುಲಿನ್ ಚುಚ್ಚುವುದು, ಹಾಸಿಗೆ ಹುಣ್ಣಿನ ಡ್ರೆಸ್ಸಿಂಗ್, ರಾತ್ರಿಯೆಲ್ಲ ಎದ್ದು ಓಡಾಡುವ ಡಿಮೆನ್ಷಿಯಾ. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ? ಆರರಲ್ಲಿ ನಾಲ್ಕನ್ನು ಮಾಡುವುದಿಲ್ಲ ಎಂದರೆ ಅಲ್ಲಿರುವುದು ಶುಶ್ರೂಷಾ ವಿಭಾಗದ ಫಲಕ ಮಾತ್ರ.

ಇನ್ನು ಹಣದ ವಿಚಾರ. ಇಂಥ ಸಮುಚ್ಚಯಗಳು ದಶಕಗಳಿಂದ ಇರುವ ಅಮೆರಿಕದಲ್ಲಿ ಒಪ್ಪಂದಗಳನ್ನು ಮುಖ್ಯವಾಗಿ ಎ, ಬಿ, ಸಿ ಎಂದು ಗುರುತಿಸುತ್ತಾರೆ. ಎ ಮಾದರಿಯಲ್ಲಿ ಪ್ರವೇಶ ಶುಲ್ಕ ಹೆಚ್ಚು, ಆದರೆ ಮುಂದೆ ಆರೈಕೆ ಎಷ್ಟೇ ಬೇಕಾದರೂ ಮಾಸಿಕ ಶುಲ್ಕ ಆ ಕಾರಣಕ್ಕೆ ಜಿಗಿಯುವುದಿಲ್ಲ. ಬಿ ಮಾದರಿಯಲ್ಲಿ ಇಂತಿಷ್ಟು ದಿನದ ಆರೈಕೆ ಸೇರಿರುತ್ತದೆ ಅಥವಾ ದರದಲ್ಲಿ ರಿಯಾಯಿತಿ ಇರುತ್ತದೆ. ಸಿ ಮಾದರಿಯಲ್ಲಿ ಬಳಸಿದಷ್ಟಕ್ಕೂ ಆ ಹೊತ್ತಿನ ಪೂರ್ತಿ ದರ. ಹೆಸರು ಏನೇ ಇರಲಿ, ನಿಮ್ಮ ಕೈಯಲ್ಲಿರುವ ಕಾಗದ ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಎಂದು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ‘ಜೀವನಪೂರ್ತಿ ಆರೈಕೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಎಷ್ಟೋ ಕಾಗದಗಳು ಒಳಗೆ ಸಿ ಮಾದರಿಯವೇ. ಜಾಗ ಕೊಡುತ್ತಾರೆ, ಆರೈಕೆಯ ಬಿಲ್ಲು ಬೇರೆ.

ಠೇವಣಿ ಹಿಂತಿರುಗಿಸುವ ಷರತ್ತನ್ನು ಪೆನ್ನು ಹಿಡಿದು ಓದಬೇಕು. ‘ತಿಂಗಳಿಗೆ ಶೇ 2ರಂತೆ ಕಡಿತ’ ಎಂದಿದ್ದರೆ 50 ತಿಂಗಳಿಗೆ, ಅಂದರೆ ನಾಲ್ಕು ವರ್ಷ ಎರಡು ತಿಂಗಳಿಗೆ, ಠೇವಣಿ ಸೊನ್ನೆ. ‘ಶೇ 90 ವಾಪಸ್’ ಎಂದಿದ್ದರೆ ಯಾವಾಗ ಎಂದು ನೋಡಿ. ಆ ಫ್ಲ್ಯಾಟಿಗೆ ಹೊಸಬರು ಬಂದು ಅವರ ಹಣ ಕೈಸೇರಿದ ಮೇಲೆ ಎಂಬ ಷರತ್ತು ಸಾಮಾನ್ಯ. ಹೊಸಬರು ಎರಡು ವರ್ಷ ಬರದಿದ್ದರೆ? ಅಷ್ಟು ದಿನ ಮಾಸಿಕ ಶುಲ್ಕ ವಾರಸುದಾರರ ಮೇಲೆ ಬೀಳುತ್ತದೆಯೇ? ಶೇ 90 ಎಂದರೆ ನೀವು ಕಟ್ಟಿದ್ದರದೋ ಮರುಮಾರಾಟದ ಬೆಲೆಯದೋ? ಮರುಮಾರಾಟವಾಗಲಿ ಬಿಡಲಿ, ಇಂತಿಷ್ಟು ತಿಂಗಳೊಳಗೆ ಹಣ ಕೊಡುತ್ತೇವೆ ಎಂಬ ಗಡುವು ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಈ ಮಾದರಿ ಒಳಗಿಂದ ನಡೆಯುವುದೇ ಹೊಸಬರ ಹಣದಿಂದ ಹಳಬರಿಗೆ ಕೊಟ್ಟು. 2008ರ ಗೃಹ ಮಾರುಕಟ್ಟೆಯ ಕುಸಿತದಲ್ಲಿ ಅಮೆರಿಕದ ಹಿರಿಯರಿಗೆ ತಮ್ಮ ಹಳೆಯ ಮನೆ ಮಾರಲಾಗಲಿಲ್ಲ. ಮನೆ ಮಾರದೆ ಪ್ರವೇಶ ಶುಲ್ಕ ಕಟ್ಟಲಾಗಲಿಲ್ಲ. ಹೊಸ ಪ್ರವೇಶ ನಿಂತು ಹಣದ ಹರಿವು ಬತ್ತಿತು, 2009ರಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಕಂಪನಿಗಳಲ್ಲೊಂದು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಕಟ್ಟಡ ಚೆನ್ನಾಗಿದ್ದರೂ ಹೀಗಾಗಬಹುದು. ಆದ್ದರಿಂದ ಮೂರು ವರ್ಷಗಳ ಲೆಕ್ಕಪರಿಶೋಧಿತ ವರದಿ, ಸಾಲದ ಮೊತ್ತ, ಎಷ್ಟು ಫ್ಲ್ಯಾಟುಗಳಲ್ಲಿ ಜನ ನಿಜವಾಗಿ ವಾಸವಿದ್ದಾರೆ ಎಂಬ ಲೆಕ್ಕ, ಠೇವಣಿಗಳನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟಿದ್ದಾರೆಯೇ ಎಂಬ ಉತ್ತರ, ಇವಿಷ್ಟನ್ನು ಪಡೆದು ಪರಿಚಯದ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ಮಾಸಿಕ ಶುಲ್ಕ ಇವತ್ತು ಎಷ್ಟು ಎಂಬುದಕ್ಕಿಂತ ಕಳೆದ ಐದು ವರ್ಷ ಪ್ರತಿ ವರ್ಷ ಶೇಕಡಾ ಎಷ್ಟು ಏರಿತು ಎಂಬುದು ಮುಖ್ಯ. ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ಇಮ್ಮಡಿ, ಶೇ 8 ಆದರೆ 9 ವರ್ಷಕ್ಕೆ. 70ನೇ ವಯಸ್ಸಿಗೆ ಸೇರಿದವರು 88 ತಲುಪುವಾಗ, ಶೇ 8ರ ಲೆಕ್ಕದಲ್ಲಿ, ಇವತ್ತಿನ 100 ನಾಲ್ಕುನೂರಾಗಿರುತ್ತದೆ. ಬರುವ ಪಿಂಚಣಿ, ಬಡ್ಡಿ ಹಾಗೆ ಏರುತ್ತದೆಯೇ? ಹಣ ತೀರಿಹೋದ ನಿವಾಸಿಗೆ ಸಂಸ್ಥೆ ಏನು ಮಾಡುತ್ತದೆ, ಸಹಾಯ ನಿಧಿ ಇದೆಯೇ, ಠೇವಣಿಯಿಂದ ಹೊಂದಿಸಿಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿಡಿ. ಫ್ಲ್ಯಾಟನ್ನು ಕ್ರಯಕ್ಕೆ ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು: ಕ್ರಯಪತ್ರ ಕೊಡುವುದು ಗೋಡೆಗಳ ಹಕ್ಕನ್ನು. ಆರೈಕೆ ಇರುವುದು ಬೇರೆ ಸೇವಾ ಒಪ್ಪಂದದಲ್ಲಿ, ಹಲವು ಬಾರಿ ಬೇರೆಯೇ ಕಂಪನಿಯೊಂದಿಗೆ. ಆ ಕಂಪನಿ ಬಿಟ್ಟುಹೋದರೆ ಬದಲಿ ತರುವ ಹೊಣೆ ಯಾರದು ಎಂದು ಎರಡೂ ಕಾಗದಗಳಲ್ಲಿ ಇರಬೇಕು.

ಇನ್ನು ಜನಬಲ. ‘40 ಹಾಸಿಗೆಗೆ 20 ಆರೈಕೆ ಸಿಬ್ಬಂದಿ’ ಎಂದು ಓದಿದಾಗ ಇಬ್ಬರಿಗೆ ಒಬ್ಬರು ಎಂದು ಮನಸ್ಸು ಹಿಗ್ಗುತ್ತದೆ. ಲೆಕ್ಕ ಬಿಡಿಸೋಣ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಆರು ಪಾಳಿ ದುಡಿಯಬಲ್ಲರು. ಹೀಗಾಗಿ ದಿನವಿಡೀ ಒಬ್ಬ ವ್ಯಕ್ತಿ ಅಲ್ಲಿ ನಿಂತಿರಬೇಕಾದರೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ ಸೇರಿಸಿದರೆ ನಾಲ್ಕಕ್ಕೂ ಹೆಚ್ಚು. 20 ಜನರಿಂದ ದಿನಕ್ಕೆ ಸಿಗುವುದು ಹೆಚ್ಚೆಂದರೆ 15 ಪಾಳಿ. ಬೆಳಗ್ಗೆ ಸ್ನಾನದ ಹೊತ್ತಿಗೆ 7, ಮಧ್ಯಾಹ್ನ 5 ಹಾಕಿದರೆ ರಾತ್ರಿಗೆ ಉಳಿಯುವುದು 3.

ಈಗ ಆ ರಾತ್ರಿಯನ್ನು ನೋಡಿ. ಹಾಸಿಗೆ ಹಿಡಿದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸುವುದು ರೂಢಿಯ ನಿಯಮ. ಒಂದೇ ಕಡೆ ಒತ್ತಡ ಬಿದ್ದರೆ ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕದಲ್ಲಿ ರಕ್ತಸಂಚಾರ ಕುಗ್ಗಿ ಚರ್ಮ ಸಾಯುತ್ತದೆ, ಅದೇ ಹಾಸಿಗೆ ಹುಣ್ಣು. ಹತ್ತು ಮಂದಿ ಹಾಗೆ ಮಲಗಿದ್ದಾರೆ ಎನ್ನಿ. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬೊಬ್ಬರಿಗೆ ನಾಲ್ಕು ಸಲ, ಒಟ್ಟು 40 ಸಲ. ಮಗ್ಗುಲು ತಿರುಗಿಸಿ, ಡಯಾಪರ್ ನೋಡಿ, ಬಟ್ಟೆ ಸರಿಮಾಡಲು ಹತ್ತು ನಿಮಿಷ. ಚರ್ಮ ಉಜ್ಜಿ ಗಾಯವಾಗದಂತೆ ಎತ್ತಿ ತಿರುಗಿಸಲು ಇಬ್ಬರು ಬೇಕು. 480 ನಿಮಿಷದ ಪಾಳಿಯಲ್ಲಿ 400 ನಿಮಿಷ ಇಬ್ಬರಿಗೂ ಇದರಲ್ಲೇ ಹೋಯಿತು. ಉಳಿದ 30 ಜನರ ಬೆಲ್ಲಿಗೆ ಓಡಲು ಒಬ್ಬರು. ಆ ಹುಡುಗಿಯರನ್ನು ಬೈದು ಪ್ರಯೋಜನವಿಲ್ಲ, ಸಂಖ್ಯೆಯೇ ಸಾಲದು. ಆದ್ದರಿಂದ ಒಟ್ಟು ಸಿಬ್ಬಂದಿ ಎಷ್ಟು ಎಂದು ಕೇಳಬೇಡಿ, ‘ನಿನ್ನೆ ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿದ್ದವರು ಎಷ್ಟು ಜನ, ಅವರಲ್ಲಿ ತರಬೇತಾದ ನರ್ಸು ಎಷ್ಟು’ ಎಂದು ಕೇಳಿ. ವರ್ಷಕ್ಕೆ ಎಷ್ಟು ಆಯಾಗಳು ಕೆಲಸ ಬಿಡುತ್ತಾರೆ ಎಂಬುದೂ ಬಹಳ ಹೇಳುತ್ತದೆ. ಮುಖ ಬದಲಾಗುತ್ತಲೇ ಇದ್ದರೆ ಅಜ್ಜನಿಗೆ ಯಾವ ಕಿವಿ ಕೇಳುವುದಿಲ್ಲ, ಅಜ್ಜಿ ಮಾತ್ರೆಯನ್ನು ಹೇಗೆ ನುಂಗುತ್ತಾರೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಭೇಟಿಗೆ ಅವರು ಕರೆದ ಹೊತ್ತಿಗೆ ಒಮ್ಮೆ ಹೋಗಿ, ಆಮೇಲೆ ಭಾನುವಾರ ಸಂಜೆ ಏಳಕ್ಕೆ ಇನ್ನೊಮ್ಮೆ ಹೋಗಿ. ಅತಿಥಿ ಕೋಣೆಯಿದ್ದರೆ ಹಣ ಕೊಟ್ಟಾದರೂ ಎರಡು ರಾತ್ರಿ ತಂಗಿ. ಶುಶ್ರೂಷಾ ವಿಭಾಗಕ್ಕೆ ಹೋದಾಗ ಶೌಚಾಲಯದ ತುರ್ತು ಬೆಲ್ಲಿನ ದಾರವನ್ನು ಹುಡುಕಿ. ಅದು ನೆಲದ ಹತ್ತಿರದವರೆಗೆ ಇಳಿಬಿಟ್ಟಿರಬೇಕು, ಬಿದ್ದವರ ಕೈಗೆ ಎಟುಕಲೆಂದೇ ಅದಿರುವುದು. ಆದರೆ ನೆಲ ಒರೆಸುವಾಗ ಒದ್ದೆಯಾಗುತ್ತದೆಂದು ಅದನ್ನು ಗಂಟು ಹಾಕಿ ಮೇಲೆ ಸಿಕ್ಕಿಸಿರುವುದನ್ನು ಎಷ್ಟೋ ಕಡೆ ಕಾಣಬಹುದು. ಗಂಟು ಹಳೆಯದಾಗಿ, ಧೂಳು ಕೂತು, ಬಿಗಿಯಾಗಿದ್ದರೆ ತಿಂಗಳುಗಳಿಂದ ಯಾರೂ ಅದನ್ನು ನೋಡಿಲ್ಲ ಎಂದರ್ಥ. ಅನುಮತಿ ಕೇಳಿ ಒಮ್ಮೆ ಎಳೆದು, ಜನ ಬರಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ.

ಶೌಚಾಲಯದ ಬಾಗಿಲು ಹೊರಗೆ ತೆರೆಯುತ್ತದೆಯೇ? ಒಳಗೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಬಿದ್ದವರನ್ನು ಬಾಗಿಲು ಒಡೆಯದೆ ಹೊರತರಲಾಗದು. ಗೋಡೆಯ ಹಿಡಿಕೆಗೆ ಮೈಭಾರ ಬಿಟ್ಟು ಎಳೆದು ನೋಡಿ, ಟವೆಲು ಹಾಕುವ ಸರಳನ್ನೇ ಹಿಡಿಕೆ ಎಂದು ತೋರಿಸುವವರಿದ್ದಾರೆ. ಗಾಲಿಕುರ್ಚಿ ಸುತ್ತ ತಿರುಗಲು ಸುಮಾರು 150 ಸೆಂ.ಮೀ. ಜಾಗ, ದಾಟಲು ಕನಿಷ್ಠ 81 ಸೆಂ.ಮೀ. ಬಾಗಿಲು ಬೇಕು. ಇಳಿಜಾರು ಒಂದಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು. ಲಿಫ್ಟಿನಲ್ಲಿ ಸ್ಟ್ರೆಚರ್ ಮಲಗಿಸಿ ಹಿಡಿಯುತ್ತದೆಯೇ ಎಂದು ಅಳೆದು ನೋಡಿ. ಕುರ್ಚಿಯಲ್ಲಿ ಕೂರಿಸಲಾಗದ ರೋಗಿಯನ್ನು ಮೆಟ್ಟಿಲಲ್ಲಿ ಹೊತ್ತಿಳಿಸುವುದು ಆಗಬಾರದ ಮಾತು.

ಹಾಸಿಗೆಯ ಪಕ್ಕದಲ್ಲಿ ಮಗ್ಗುಲು ಬದಲಿಸಿದ ಪಟ್ಟಿ ತೂಗುಹಾಕಿರುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಹೋದಾಗ ಮಧ್ಯಾಹ್ನ ನಾಲ್ಕರವರೆಗೆ ಸಹಿ ಬಿದ್ದಿದ್ದರೆ, ಇಡೀ ವಾರ ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ, ಕೆಲಸ ನಡೆದಿರುವುದು ಕಾಗದದ ಮೇಲೆ. ನೀರಿನ ಲೋಟ ಮಲಗಿದವರ ಕೈಗೆ ಎಟುಕುತ್ತದೆಯೇ, ಉಗುರು ಕತ್ತರಿಸಿದ್ದಾರೆಯೇ, ಕನ್ನಡಕ ಒರೆಸಿದೆಯೇ, ಶ್ರವಣಯಂತ್ರ ಕಿವಿಯಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ? ಒಂದು ಕೋಣೆಯಲ್ಲಿ ಮೂತ್ರದ ವಾಸನೆಯಿದ್ದರೆ ಅದು ಆ ಕ್ಷಣದ್ದು. ಇಡೀ ಮಹಡಿಯಲ್ಲಿದ್ದರೆ, ಅಥವಾ ಸುಗಂಧದ ಸ್ಪ್ರೇ ಮೂಗಿಗೆ ಹೊಡೆದರೆ, ಅದು ವ್ಯವಸ್ಥೆಯದು. ಔಷಧ ಕೋಣೆಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ ತಾಪಮಾಪಕವೂ ಇರಬೇಕು, 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು.

ಮರೆವಿನ ಕಾಯಿಲೆಯವರ ವಿಭಾಗದಲ್ಲಿ ಕೇಳಲು ನಮಗೆ ಗೊತ್ತಿರುವ ಅತ್ಯುತ್ತಮ ಪ್ರಶ್ನೆ ಒಂದೇ: ‘ಬೆಳಗಿನ ಜಾವ ಮೂರಕ್ಕೆ ಎದ್ದು, ಮನೆಗೆ ಹೋಗಬೇಕು ಎಂದು ಬಾಗಿಲು ತಟ್ಟುವವರಿಗೆ ಏನು ಮಾಡುತ್ತೀರಿ?’ ಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತೇವೆ, ಶೌಚಕ್ಕೆ ಹೋಗಬೇಕೇ, ಹಸಿವೇ, ನೋವೇ ಎಂದು ನೋಡುತ್ತೇವೆ, ಆ ಮನೆಯ ಬಗ್ಗೆ ಮಾತಾಡಿಸುತ್ತೇವೆ ಎಂದರೆ ಕೆಲಸ ಬಲ್ಲವರು. ‘ಡಾಕ್ಟರು ನಿದ್ದೆ ಮಾತ್ರೆ ಬರೆದಿರುತ್ತಾರೆ’ ಎಂಬುದೇ ಮೊದಲ ಉತ್ತರವಾದರೆ ಅಲ್ಲಿಂದ ಎದ್ದು ಬನ್ನಿ. ನಿದ್ದೆ ಮಾತ್ರೆಯ ಅಮಲಿನಲ್ಲಿ ಎದ್ದವರು ಬೀಳುತ್ತಾರೆ, ಮೂಳೆ ಮುರಿಯುತ್ತದೆ. ಕಟ್ಟಿಹಾಕುವ ಪದ್ಧತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಆಸ್ಪತ್ರೆಯೊಂದಿಗೆ ‘ಟೈ ಅಪ್’ ಇದೆ ಎಂದರೆ ರಾತ್ರಿ ಆಂಬುಲೆನ್ಸಿಗೆ ಚಾಲಕ ಆವರಣದಲ್ಲೇ ಮಲಗಿರುತ್ತಾನೆಯೇ ಎಂದು ವಿಚಾರಿಸಿದರೆ ಸಾಕು. ಕೊನೆಯ ದಿನಗಳನ್ನು ಆಸ್ಪತ್ರೆಯ ಬದಲು ಅಲ್ಲೇ ಕಳೆಯಬೇಕೆಂದರೆ ನೋವು ಶಮನದ ವ್ಯವಸ್ಥೆ ಉಂಟೇ, ನಿವಾಸಿ ಮೊದಲೇ ಬರೆದಿಟ್ಟ ಇಚ್ಛೆಗೆ ಬೆಲೆ ಕೊಡುತ್ತಾರೆಯೇ ಎಂಬುದನ್ನು ಗಟ್ಟಿಯಾಗಿರುವಾಗಲೇ ಮಾತಾಡಿಕೊಳ್ಳಬೇಕು.

ಯಾವಾಗ ಸೇರಬೇಕು? ಬಹುತೇಕ ಕಡೆ ಸೇರುವಾಗ ವೈದ್ಯಕೀಯ ಪರೀಕ್ಷೆ ಇರುತ್ತದೆ, ಸ್ವತಂತ್ರವಾಗಿ ಬದುಕಬಲ್ಲವರನ್ನು ಮಾತ್ರ ಪೂರ್ತಿ ಒಪ್ಪಂದಕ್ಕೆ ತೆಗೆದುಕೊಳ್ಳುತ್ತಾರೆ. ಡಿಮೆನ್ಷಿಯಾ ಅಥವಾ ಪಾರ್ಕಿನ್ಸನ್ ಎಂದು ಚೀಟಿಯಲ್ಲಿ ಬರೆದ ಮೇಲೆ ಬಾಗಿಲು ಅರ್ಧ ಮುಚ್ಚಿದಂತೆ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ಎಂದಿನ ನಡಿಗೆಯಲ್ಲಿ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ, ತೀರ್ಮಾನ ಮುಂದೂಡಬೇಡಿ. ಕಾಯುವ ಪಟ್ಟಿಗೆ ಹೆಸರು ಬರೆಸುವುದಾದರೆ ಮುಂಗಡ ವಾಪಸ್ ಬರುತ್ತದೆಯೇ, ಸರದಿ ಬಂದಾಗ ಎಷ್ಟು ಸಲ ‘ಈಗ ಬೇಡ’ ಎನ್ನಬಹುದು ಎಂದು ಕೇಳಿಕೊಳ್ಳಿ. ಮಕ್ಕಳು ಬ್ರೋಷರ್ ನೋಡಿ ತೀರ್ಮಾನಿಸಿ ಅಪ್ಪ ಅಮ್ಮನಿಗೆ ಆಮೇಲೆ ಹೇಳುವ ಕ್ರಮ ಖಂಡಿತ ಬೇಡ. ಅಲ್ಲಿ ಬಾಳಬೇಕಾದವರು ತಾವೇ ಹೋಗಿ, ಅಲ್ಲಿರುವವರ ಪಕ್ಕ ಕೂತು ಒಂದು ಊಟ ಮಾಡಿ ಬರಲಿ.

ಸಂಪಾದಕರೇ, ತಮ್ಮಲ್ಲಿ ಒಂದು ವಿನಂತಿ. ಔಷಧದ ಪೆಟ್ಟಿಗೆಯೊಳಗೆ ವಿವರಪತ್ರ ಇರುವಂತೆ, ಹಿರಿಯರಿಂದ ಠೇವಣಿ ಪಡೆಯುವ ಪ್ರತಿಯೊಂದು ಸಂಸ್ಥೆಯೂ ಒಂದೇ ನಮೂನೆಯ ಒಂದು ಪುಟದ ವಿವರವನ್ನು ಸಹಿಗೆ ಮೊದಲೇ ಕೊಡಬೇಕೆಂಬ ನಿಯಮ ಬರಬೇಕು. ಅದರಲ್ಲಿ ಇರಬೇಕಾದ್ದು ಇಷ್ಟೇ: ಫ್ಲ್ಯಾಟು ಮತ್ತು ಶುಶ್ರೂಷಾ ಹಾಸಿಗೆಗಳ ಸಂಖ್ಯೆ, ಇವತ್ತು ಖಾಲಿ ಇರುವ ಹಾಸಿಗೆ, ರಾತ್ರಿ ಪಾಳಿಯ ಸಿಬ್ಬಂದಿ, ಐದು ವರ್ಷಗಳ ಶುಲ್ಕ ಏರಿಕೆ, ಕಳೆದ ವರ್ಷ ಠೇವಣಿ ಹಿಂತಿರುಗಿಸಲು ಹಿಡಿದ ಸರಾಸರಿ ತಿಂಗಳು, ನೋಡಿಕೊಳ್ಳಲು ಒಪ್ಪದ ಸ್ಥಿತಿಗಳ ಪಟ್ಟಿ. ಈ ಬೇಡಿಕೆಯನ್ನು ತಮ್ಮ ಪತ್ರಿಕೆ ಕೈಗೆತ್ತಿಕೊಳ್ಳಲಿ. ನಿಯಮ ಬರುವವರೆಗೆ ಓದುಗರು ಈ ಆರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು, ಕೆಳಗೆ ಸಂಸ್ಥೆಯ ಮುದ್ರೆ, ಸಹಿಗೆ ಜಾಗ ಬಿಟ್ಟು, ಭೇಟಿಗೆ ಹೋಗುವಾಗ ಜೊತೆಗೆ ಒಯ್ಯಬಹುದು.

ಇತಿ,
ಹಿರಿಯರ ಆರೈಕೆಯಲ್ಲಿ ಕೆಲಸ ಮಾಡುವ ಕೆಲವರು